ತೇವಕ್ಕೊಂದು ಖಾನೆ

ಬ್ಯಾಡಗಿ ಯಾರ್ಡಿನ ಹಿಂದ, ದಲಾಲಿ ಅಂಗಡಿ ಮ್ಯಾಲ,
ತಗಡಿನ ಕೋಲಿಯೊಳಗ
ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿ ಕುಂತೀನಿ.
ಖಾರದ ಧೂಳು ಸಂದಿಗೆ ಇಳಿದು
ಹೋದ ವರ್ಷ ಎಂಟರ್ ಕೀ ಸತ್ತಿತ್ತು.
ಸೀನು ಬರೂ ಹೊತ್ತಿಗೆ ಸೇವ್ ಒತ್ತಬಾರದು,
ಇದು ಇಲ್ಲಿ ನಾ ಕಲಿತ ಮೊದಲನೇ ಪಾಠ.

ತೂಕದ ಪ್ರೋಗ್ರಾಮು ನನಗಿಂತ ಮೊದಲಿಂದು.
ಬರೆದವ ಯಾರೋ, ಒಂದು ಟಿಪ್ಪಣಿ ಬಿಟ್ಟಿಲ್ಲ.
ಅದರ ನಡುಮನಿಯೊಳಗ ಒಂದು ಮೆಥಡ್: ತೂಗು.
ಕೇಳೂದು ಎರಡ. ಚೀಲದ ತೂಕ, ಅದರ ದರ.
ಕೊಟ್ಟರ ಪಟ್ಟಿ ಹರಿದು ಕೊಡತೈತಿ.
ಹನ್ನೊಂದು ವರ್ಷ ಮೂರನೇದು ಏನೂ ಕೇಳಿಲ್ಲ,
ಹೊಸ ಅಳಿಯ ಪಂಕ್ತಿಯೊಳಗ
ಎರಡನೇ ಸಲ ಹೋಳಿಗಿ ಕೇಳದಂಗ.

ಸಂಕ್ರಾಂತಿ ಮುಗಿದ ಸೋಮವಾರ
ಸಾವ್ಕಾರ ಷಡಕ್ಷರಪ್ಪ ಮೆಟ್ಟಲಾ ಹತ್ತಿ ಬಂದ್ರು.
‘ಮುಬೀನಾ, ಕಾಯಿಗೆ ನೀರು ಹೊಡದು ತರಾಕ ಹತ್ಯಾರ.
ಪಟ್ಟಿಯೊಳಗ ತೇವಕ್ಕೊಂದು ಖಾನೆ ಮಾಡು.
ಗುರುವಾರದ ಟೆಂಡರಿಗೆ ಬೇಕು.’

ಅಂದ್ರ ತೂಗುವಿನ ಸಹಿ ಬದಲಾಗಬೇಕು.
ಸಹಿ ಅಂದ್ರ ಅದರ ಹೆಸರು,
ಅದು ಕೈಯೊಡ್ಡಿ ಬೇಡೂದು, ತಿರುಗಿ ಕೊಡೂದು.
ಕಡ್ಡಿ ಅದನ್ನ ಕರೀತೈತಿ, ಡಬ್ಬಿ ಕರೀತೈತಿ, ಗುಂಟೂರು ಮಾಲು ಕರೀತೈತಿ,
ಹಮಾಲಿ ಲೆಕ್ಕ, ಸೆಸ್ಸಿನ ಲೆಕ್ಕ,
ಯಾರೂ ತೆರೀದ ಹಳೇ ರಿಪೋರ್ಟು ಸೈತ.
ನಾನೂರಾ ಹದಿನೇಳು ಕಡೆ.
ಒಂದೊಂದರ ಬಾಗಲಾ ಬಡದು
‘ನಾಳಿಂದ ಮೂರು ತರ್ರಿ’ ಅನ್ನೂದರೊಳಗ
ಹೋಳಿ ಹುಣ್ಣಿವಿ ಬರತೈತಿ.

ಅದಕ್ಕಂತ ಹತಾರ ಐತಿ.
ಹೆಸರಿನ ಮ್ಯಾಲ ರೈಟ್ ಕ್ಲಿಕ್, ಮೆನುವಿನೊಳಗ ‘ಸಹಿ ಬದಲಿಸು’,
ಹೊಸಾದರ ಹೆಸರು ತೇವ.
ಆಮ್ಯಾಲ ಮೆತ್ತಗ ಒಂದು ಮಾತು ಕೇಳತೈತಿ:
ಹಳೇ ಕಡೆಯೆಲ್ಲಾ ಏನು ತುಂಬಲಿ?

ಸೊನ್ನೆ ಅಂದೆ.

ಚಾದ ಕಪ್ಪು ತುಟಿಗೆ ಮುಟ್ಟೂದರೊಳಗ ಮುಗಿದಿತ್ತು.
ನಾನೂರಾ ಹದಿನೇಳು ಸೊನ್ನೆ
ಕಾಮಾದ ಹಿಂದ ಶಿಸ್ತಿಲೆ ಕುಂತಿದ್ವು.
ಒಂದು ಕೆಂಪು ಗೆರಿ ಇಲ್ಲ. ಟೆಸ್ಟೆಲ್ಲಾ ಹಸಿರು.
ಇಷ್ಟು ಸಲೀಸಾಗಿ ಮನಿಯೊಳಗ ನನ್ನ ಮಾತು ಯಾರೂ ಕೇಳಿಲ್ಲ.

ಒಂದು ಮಾತ್ರ ತಪ್ಪಿಸಿಕೊಂಡಿತ್ತು.
ಪ್ರಿಂಟರಿನ ಹಳೇ ಫೈಲಿನೊಳಗ
ಉದ್ಧರಣ ಚಿಹ್ನೆ ನಡುವ ಬರದಿಟ್ಟ ‘ತೂಗು’.
ಹತಾರಕ್ಕ ಅದು ಕರಿಯೂದಲ್ಲ, ಬರೇ ಅಕ್ಷರ.
ಅದನ್ನ ಕೈಲೆ ಹಿಡಿದೆ.
ಜಾಣಿ ಅಂತ ನನ್ನ ಬೆನ್ನು ನಾನ ಚಪ್ಪರಿಸಿಕೊಂಡೆ.

ಗುರುವಾರ ಯಾರ್ಡು ಕೆಂಪಗ ಹಾಸಿತ್ತು.
ಹಮಾಲ ಗುಡ್ಡಪ್ಪ ಚೀಲ ಎಣಸತಿದ್ದ.
ಒಂದು ಅನ್ನಂಗಿಲ್ಲ ಅಂವ, ‘ಲಾಭ’ ಅಂತಾನ,
ಆಮ್ಯಾಲ ಎರಡು.
ಪಟ್ಟಿ ಓದಿಸಿ ಕೇಳಿದ. ತೇವ, ಸೊನ್ನೆ.
ನಗಲಿಲ್ಲ.
ಮೊಳಕೈ ತನಕ ಚೀಲಕ್ಕ ಕೈ ಇಳಿಸಿ
ತಳದಿಂದ ಒಂದು ಕಾಯಿ ತಗದು
ನನ್ನ ಕಿವಿ ಹತ್ರ ಅಲ್ಲಾಡಿಸಿದ.
ಒಣಗಿದ್ದರ ಬೀಜ ಗಲಗಲ ಅಂತಾವ.
ಇದು ಮಾತಾಡಲಿಲ್ಲ.

‘ಸೊನ್ನೆ ಅಂದ್ರ ಇಲ್ಲ ಅಂತನೋ,
ಕೇಳಲಿಲ್ಲ ಅಂತನೋ, ತಂಗೀ?’

ಮ್ಯಾಲ ಬಂದು ಎಲ್ಲಾ ಹಿಂದಕ್ಕ ತಿರುವಿದೆ.
ಮತ್ತ ಅದ ಹತಾರ, ಅದ ತೇವ.
ಏನು ತುಂಬಲಿ ಅಂತು.
ಖಾಲಿ ಬಿಟ್ಟೆ.
ಹಿಂಗ ಮಾಡಿದ್ರ ಎಲ್ಲಾ ಕೆಡತೈತಿ ಅಂತ ಎಚ್ಚರಿಸಿತು.
ಕೆಡ್ಲಿ.

ರಾತ್ರಿ ಎಂಟಕ್ಕ ಗುಡ್ಡಪ್ಪ
ಗೋದಾಮಿನ ಕೀಲಿಕೈ ಇಸಗೊಳ್ಳಾಕ ಬಂದ.
ಸ್ಕ್ರೀನ್ ತುಂಬಾ ಕೆಂಪು ನೋಡಿ ಬಾಗಲದಾಗ ನಿಂತ.
‘ಏನ್ ಮಾಲ್ ಬಂದೈತವ್ವಾ ಇವತ್ತ!’
‘ಹೂಂ ಕಾಕಾ. ಎಲ್ಲಾ ಹಸಿ.’

ಸ್ಟೂಲ್ ಎಳಕೊಂಡು ಕುಂತ.
ನಾ ಮೊದಲನೇ ಗೆರಿ ತೆರೆದೆ.
‘ಲಾಭ’ ಅಂದ.